ಆಫ್ರಿಕಾದ ಬ್ಯಾಂಕುಗಳ ಲೆಕ್ಕಪುಸ್ತಕ: ಪದೇ ಪದೇ ಕೇಳುವ ಪ್ರಶ್ನೆಗಳು

ನೈರೋಬಿ, ಅಕ್ರಾ, ಲೇಗೋಸ್ ಕಡೆಯ ಬ್ಯಾಂಕುಗಳ ಲೆಕ್ಕ ನೋಡುವುದು ಕೆಲವು ವರ್ಷಗಳಿಂದ ನನ್ನ ಹೊಟ್ಟೆಪಾಡು. ಕೂತಿರುವುದು ಮಾತ್ರ ಬೆಂಗಳೂರಿನಲ್ಲೇ. ಎಂ.ಕಾಂ ಓದುವವರು, ಸಿಎ ಆರ್ಟಿಕಲ್‌ಶಿಪ್ ಮಾಡುತ್ತಿರುವವರು, ಆ ಕಡೆ ಕೆಲಸ ಸಿಕ್ಕಿ ಹೊರಟವರು ಆಗಾಗ ಫೋನ್ ಮಾಡುತ್ತಾರೆ. ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಪ್ರತಿ ಸಲ ಮೊದಲಿಂದ ಹೇಳುವ ಬದಲು ಒಂದು ಕಡೆ ಬರೆದಿಟ್ಟಿದ್ದೇನೆ.

ಆಫ್ರಿಕಾ ಅಂತ ಎಲ್ಲವನ್ನೂ ಒಟ್ಟಿಗೆ ಸೇರಿಸಿ ಮಾತಾಡಬಹುದಾ?

ಬೇಡ. ಅಲ್ಲಿ 54 ದೇಶಗಳಿವೆ. ಜೋಹಾನ್ಸ್‌ಬರ್ಗ್‌ನ ದೊಡ್ಡ ಬ್ಯಾಂಕಿಗೂ ದಕ್ಷಿಣ ಸುಡಾನಿನ ಜುಬಾದಲ್ಲಿರುವ ಬ್ಯಾಂಕಿಗೂ ಹೆಸರಲ್ಲಿ ಬಿಟ್ಟರೆ ಹೋಲಿಕೆ ಕಡಿಮೆ. ಇಲ್ಲಿ ಹೆಚ್ಚಾಗಿ ಕೆನ್ಯಾ, ಘಾನಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಬರುತ್ತವೆ. ನನಗೆ ಗೊತ್ತಿರುವುದು ಅವೇ.

ಲೆಕ್ಕಪತ್ರ ಮಾನದಂಡ ಅಂದರೆ ಸರಳವಾಗಿ ಏನು?

ಊರಿನ ಸಾಹುಕಾರ ಒಬ್ಬನಿಗೆ ಐವತ್ತು ಸಾವಿರ ಸಾಲ ಕೊಟ್ಟ ಅಂತಿಟ್ಟುಕೊಳ್ಳಿ. ಸಾಲಗಾರ ಎರಡು ತಿಂಗಳು ಬಡ್ಡಿ ಕಟ್ಟಿದ. ಆಮೇಲೆ ಊರಲ್ಲಿ ಕಾಣಿಸಲಿಲ್ಲ. ಸಾಹುಕಾರನ ಪುಸ್ತಕದಲ್ಲಿ ಮಾತ್ರ ಆ ಐವತ್ತು ಸಾವಿರ ಇನ್ನೂ 'ಬರಬೇಕಾದ್ದು' ಅಂತಲೇ ಇದೆ. ಎಷ್ಟು ದಿನ ಹಾಗೆ ಬರೆದುಕೊಂಡಿರಬಹುದು? ಅವನು ಊರು ಬಿಟ್ಟ ದಿನ ಹೊಡೆದು ಹಾಕಬೇಕಾ? ಬಡ್ಡಿ ನಿಂತ ದಿನವಾ? ಅಥವಾ ಸಾಲ ಕೊಡುವಾಗಲೇ 'ಇವನು ಅರ್ಧ ಕೈ ಕೊಡುವ ಗಿರಾಕಿ' ಅಂತ ಸ್ವಲ್ಪ ತೆಗೆದಿಡಬೇಕಾ?

ಬ್ಯಾಂಕಿನ ಮಟ್ಟಿಗೆ ಮಾನದಂಡ ಅಂದರೆ ಬಹುಪಾಲು ಇದೇ ಪ್ರಶ್ನೆಗೆ ಉತ್ತರ. ಸಾಲ ಮುಳುಗುತ್ತದೋ ಇಲ್ಲವೋ ಅನ್ನುವುದು ಸಾಲಗಾರನ ಕೈಯಲ್ಲಿದೆ. ಮುಳುಗಿದ್ದನ್ನು ಯಾವಾಗ ಒಪ್ಪಿಕೊಳ್ಳಬೇಕು ಅನ್ನುವುದು ಮಾನದಂಡದ ಕೈಯಲ್ಲಿದೆ. ಈ 'ಯಾವಾಗ' ಅನ್ನುವ ಪದವನ್ನು ಹಿಡಿದುಕೊಂಡರೆ ಮುಂದಿನ ಅರ್ಧ ಪ್ರಶ್ನೆಗಳು ತಾವಾಗೇ ಬಿಡಿಸಿಕೊಳ್ಳುತ್ತವೆ.

ಯಾವ ದೇಶ ಯಾವ ಮಾನದಂಡ ಪಾಲಿಸುತ್ತದೆ?

ಲಂಡನ್‌ನಲ್ಲಿ ಕೂತ ಮಂಡಳಿಯೊಂದು ಬರೆಯುವ ಅಂತರರಾಷ್ಟ್ರೀಯ ಮಾನದಂಡಗಳಿಗೆ ಐಎಫ್‌ಆರ್‌ಎಸ್ ಅಂತ ಹೆಸರು. ಕೆನ್ಯಾ ತುಂಬ ಬೇಗ, 1999ರಲ್ಲೇ, ಇದರ ಹಳೆಯ ರೂಪವಾದ ಐಎಎಸ್ ಒಪ್ಪಿಕೊಂಡಿತು. ಆಗಿನ್ನೂ ಯುರೋಪಿನ ದೇಶಗಳೇ ಒಟ್ಟಾಗಿ ಒಪ್ಪಿರಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಷೇರುಪೇಟೆಯ ಕಂಪನಿಗಳಿಗೆ 2005ರಿಂದ ಕಡ್ಡಾಯವಾಯಿತು. ಘಾನಾ 2007ರಲ್ಲಿ ಶುರು ಮಾಡಿತು. ನೈಜೀರಿಯಾದಲ್ಲಿ ಬ್ಯಾಂಕುಗಳೂ ಸೇರಿ ದೊಡ್ಡ ಕಂಪನಿಗಳು 2012ರಿಂದ ಬದಲಾದವು.

ಫ್ರೆಂಚ್ ಮಾತಾಡುವ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಕಥೆ ಬೇರೆ. ಅಲ್ಲಿ 17 ದೇಶಗಳು ಸೇರಿ ಒಹಾಡಾ ಅನ್ನುವ ಒಕ್ಕೂಟ ಮಾಡಿಕೊಂಡಿವೆ. ಒಪ್ಪಂದಕ್ಕೆ ಸಹಿ ಬಿದ್ದದ್ದು 1993ರಲ್ಲಿ, ಮಾರಿಷಸ್‌ನಲ್ಲಿ. ಇವರಿಗೆ ಸಿಸ್ಕೊಹಾಡಾ ಅನ್ನುವ ಸ್ವಂತ ಲೆಕ್ಕ ಪದ್ಧತಿ ಇದೆ. ಫ್ರೆಂಚ್ ಪದ್ಧತಿಯ ಗುಣ ಅದರಲ್ಲಿ ಜಾಸ್ತಿ: ಪ್ರತಿ ಖಾತೆಗೂ ನಿಗದಿ ನಂಬರು, ಎಲ್ಲರ ಪುಸ್ತಕವೂ ಒಂದೇ ಅಚ್ಚು. ಷೇರುಪೇಟೆಯಲ್ಲಿರುವ ಕಂಪನಿಗಳು 2019ರಿಂದ ಐಎಫ್‌ಆರ್‌ಎಸ್ ಲೆಕ್ಕವನ್ನೂ ಕೊಡಬೇಕು. ಅಂದರೆ ಅವರಿಗೆ ಡಬಲ್ ಕೆಲಸ. ಬ್ಯಾಂಕುಗಳಿಗೆ ಸಿಸ್ಕೊಹಾಡಾ ಕೂಡ ಅಲ್ಲ, ಅಲ್ಲಿನ ಬ್ಯಾಂಕ್ ನಿಯಂತ್ರಕರು ಬರೆದ ಬೇರೆಯೇ ಖಾತೆಪಟ್ಟಿ ಇದೆ. ಇದನ್ನು ಮರೆತು 'ಒಹಾಡಾ ಬ್ಯಾಂಕುಗಳು ಸಿಸ್ಕೊಹಾಡಾ ಪಾಲಿಸುತ್ತವೆ' ಅಂತ ಬರೆದ ಪ್ರಾಜೆಕ್ಟ್ ರಿಪೋರ್ಟ್‌ಗಳನ್ನು ನಾನು ನೋಡಿದ್ದೇನೆ.

ಐಎಫ್‌ಆರ್‌ಎಸ್ 9 ಬಗ್ಗೆ ಯಾಕೆ ಅಷ್ಟು ಮಾತು?

2018ರ ಜನವರಿ 1ರಿಂದ ಬಂದ ಈ ಮಾನದಂಡ 'ಯಾವಾಗ' ಅನ್ನುವುದನ್ನೇ ಇನ್ನೂ ಬೇಗ ಬರುವ ಹಾಗೆ ಮಾಡಿತು. ಒಂದು ಊಹೆಯ ಲೆಕ್ಕ ಹಾಕೋಣ.

ನೈರೋಬಿಯ ಗಿಕೊಂಬಾ ಮಾರುಕಟ್ಟೆಯಲ್ಲಿ ಮಿತುಂಬಾ, ಅಂದರೆ ಹೊರದೇಶದಿಂದ ಬರುವ ಹಳೇ ಬಟ್ಟೆ ಮಾರುವ ಹೆಂಗಸು. ಬ್ಯಾಂಕಿನಿಂದ 10 ಲಕ್ಷ ಶಿಲ್ಲಿಂಗ್ ಸಾಲ ತೆಗೆದುಕೊಂಡಿದ್ದಾಳೆ. ಕಂತು ಸರಿಯಾಗಿ ಬರುತ್ತಿದೆ. ಆದರೂ ಬ್ಯಾಂಕ್ ಮೊದಲ ದಿನವೇ ಲೆಕ್ಕ ಹಾಕಬೇಕು: ಮುಂದಿನ 12 ತಿಂಗಳಲ್ಲಿ ಇಂಥ ಸಾಲ ಸುಸ್ತಿಯಾಗುವ ಸಾಧ್ಯತೆ ಶೇ. 3, ಸುಸ್ತಿಯಾದರೆ ಅಡಮಾನ ಮಾರಿದ ಮೇಲೂ ಕೈಬಿಡುವ ಪಾಲು ಶೇ. 40. ಗುಣಿಸಿದರೆ 12,000 ಶಿಲ್ಲಿಂಗ್. ಅಷ್ಟನ್ನು ಈಗಲೇ ಲಾಭದಿಂದ ತೆಗೆದಿಡಬೇಕು. ಇದು ಮೊದಲ ಹಂತ.

ಮಳೆ ಜಾಸ್ತಿಯಾಗಿ ಮಾರುಕಟ್ಟೆಗೆ ನೀರು ನುಗ್ಗಿತು. ಕಂತು 30 ದಿನಕ್ಕಿಂತ ಜಾಸ್ತಿ ತಡವಾಯಿತು. ಸಾಲ ಎರಡನೇ ಹಂತಕ್ಕೆ ಜಾರುತ್ತದೆ. ಈಗ 12 ತಿಂಗಳು ನೋಡಿದರೆ ಸಾಲದು, ಸಾಲದ ಪೂರ್ತಿ ಅವಧಿ ನೋಡಬೇಕು. ಸಾಧ್ಯತೆ ಶೇ. 20 ಅಂದುಕೊಳ್ಳಿ. ತೆಗೆದಿಡಬೇಕಾದ್ದು 80,000. ತೊಂಬತ್ತು ದಿನ ದಾಟಿದರೆ ಮೂರನೇ ಹಂತ, ಸುಸ್ತಿ ಆಗಿಯೇ ಹೋಯಿತು, 4 ಲಕ್ಷ.

ಇಲ್ಲಿ ಗಮನಿಸಬೇಕಾದ್ದು ನಡುವಿನ ಹಂತ. ಒಂದು ಶಿಲ್ಲಿಂಗ್ ಕೂಡ ಮುಳುಗಿಲ್ಲ, ಬರೀ ತಡವಾಗಿದೆ. ಆದರೂ ಪ್ರಾವಿಷನ್, ಅಂದರೆ ಹೀಗೆ ತೆಗೆದಿಡುವ ಮೊತ್ತ, ಆರೇಳು ಪಟ್ಟು ಏರಿತು. ಹಾಗಾಗಿ ಬ್ಯಾಂಕ್ ಮ್ಯಾನೇಜರ್‌ಗೆ ಎರಡನೇ ಹಂತ ಅಂದರೆ ಭಯ. ಅವನಿಗೆ ಎರಡು ದಾರಿ ಕಾಣುತ್ತವೆ. ತಡವಾದ ತಕ್ಷಣ ಸಾಲಗಾರಳ ಹತ್ತಿರ ಹೋಗಿ ಮಾತಾಡುವುದು ಒಂದು. ಇಂಥ ಗಿರಾಕಿಗೆ ಸಾಲವೇ ಬೇಡ ಅಂತ ಸರ್ಕಾರಿ ಬಾಂಡ್ ಕೊಳ್ಳುವುದು ಇನ್ನೊಂದು. ಎರಡನೆಯದು ಸುಲಭ, ಅಲ್ವಾ?

ಮೊದಲಿನ ನಿಯಮದಲ್ಲಿ ಏನು ತೊಂದರೆ ಇತ್ತು?

ಹಿಂದಿನ ಐಎಎಸ್ 39ರಲ್ಲಿ ನಷ್ಟ ಆಗಿದೆ ಅನ್ನಲು ಸಾಕ್ಷಿ ಸಿಕ್ಕ ಮೇಲೆ ಪ್ರಾವಿಷನ್. ಮೋಡ ಕಂಡರೂ ಮಳೆ ಬಿದ್ದ ಮೇಲೇ ಕೊಡೆ.

ದಕ್ಷಿಣ ಆಫ್ರಿಕಾದ ಆಫ್ರಿಕನ್ ಬ್ಯಾಂಕ್ ನೆನಪಿಗೆ ಬರುತ್ತದೆ. ಅಡಮಾನವಿಲ್ಲದ ಸಾಲವನ್ನು ಕಡಿಮೆ ಸಂಬಳದವರಿಗೆ ಕೊಡುವುದೇ ಅದರ ವ್ಯಾಪಾರ. ಪ್ರಾವಿಷನ್ ಸಾಲುವುದಿಲ್ಲ ಅಂತ ಸಂಶಯ ಮೊದಲೇ ಇತ್ತು. 2014ರ ಆಗಸ್ಟ್ ಮೊದಲ ವಾರ ಬ್ಯಾಂಕ್ ದೊಡ್ಡ ನಷ್ಟದ ಮುನ್ಸೂಚನೆ ಕೊಟ್ಟಿತು, ಕನಿಷ್ಠ 850 ಕೋಟಿ ರ‍್ಯಾಂಡ್ ಹೊಸ ಬಂಡವಾಳ ಬೇಕು ಅಂದಿತು. ಷೇರು ನೆಲಕಚ್ಚಿತು. ಆಗಸ್ಟ್ 10ರಂದು, ಭಾನುವಾರ, ಅಲ್ಲಿನ ರಿಸರ್ವ್ ಬ್ಯಾಂಕ್ ಅದನ್ನು ತನ್ನ ಸುಪರ್ದಿಗೆ ತೆಗೆದುಕೊಂಡಿತು. ಸಾಲಗಳು ಆ ವಾರ ಕೆಟ್ಟದ್ದಲ್ಲ. ವರ್ಷಗಳಿಂದ ಕೆಡುತ್ತಾ ಬಂದಿದ್ದವು, ಒಪ್ಪಿಕೊಂಡದ್ದು ಆ ವಾರ.

ಕೇಂದ್ರ ಬ್ಯಾಂಕಿನ ಪ್ರಾವಿಷನ್ ನಿಯಮ ಬೇರೆ ಇರುತ್ತದಲ್ಲ? ಹಾಗಾದರೆ ಎರಡು ಲೆಕ್ಕವಾ?

ಹೌದು, ಎರಡು. ಘಾನಾದಲ್ಲಿ ಕೇಂದ್ರ ಬ್ಯಾಂಕಿನ ಪಟ್ಟಿ ನೇರವಾಗಿದೆ: ಚೆನ್ನಾಗಿರುವ ಸಾಲಕ್ಕೆ ಶೇ. 1, ಕಣ್ಣಿಡಬೇಕಾದ್ದಕ್ಕೆ ಶೇ. 10, ಆಮೇಲೆ ಶೇ. 25, 50, 100. ಸಾಧ್ಯತೆ ಲೆಕ್ಕ ಹಾಕುವ ಮಾಡೆಲ್ ಗೀಡೆಲ್ ಏನಿಲ್ಲ, ದಿನ ಎಣಿಸಿದರೆ ಮುಗಿಯಿತು. ಐಎಫ್‌ಆರ್‌ಎಸ್ ಪ್ರಕಾರ ಬಂದ ಪ್ರಾವಿಷನ್ ಇದಕ್ಕಿಂತ ಕಡಿಮೆ ಇದ್ದರೆ ವ್ಯತ್ಯಾಸವನ್ನು ಉಳಿಸಿದ ಲಾಭದಿಂದ ಎತ್ತಿ ಬೇರೆ ಮೀಸಲಿನಲ್ಲಿ ಇಡಬೇಕು. ಆ ದುಡ್ಡನ್ನು ಡಿವಿಡೆಂಡ್ ಅಂತ ಹಂಚುವ ಹಾಗಿಲ್ಲ. ಕೆನ್ಯಾ, ನೈಜೀರಿಯಾದಲ್ಲೂ ಇದೇ ಏರ್ಪಾಡು, ಮೀಸಲಿನ ಹೆಸರು ಮಾತ್ರ ಬೇರೆ.

ಬ್ಯಾಲೆನ್ಸ್ ಶೀಟಿನಲ್ಲಿ ಆ ಮೀಸಲು ದಪ್ಪಗಿದ್ದರೆ ಅರ್ಥ ಏನು? ಬ್ಯಾಂಕಿನ ಮಾಡೆಲ್ 'ಸಾಲ ಪರವಾಗಿಲ್ಲ' ಅನ್ನುತ್ತಿದೆ, ಕೇಂದ್ರ ಬ್ಯಾಂಕಿನ ಪಟ್ಟಿ 'ಅಪಾಯ ಇದೆ' ಅನ್ನುತ್ತಿದೆ. ನಾನು ಮೊದಲು ನೋಡುವ ಸಾಲುಗಳಲ್ಲಿ ಇದೂ ಒಂದು.

ಐಎಫ್‌ಆರ್‌ಎಸ್ ಬಂದ ಮೇಲೆ ಬ್ಯಾಂಕುಗಳ ಸಾಧನೆ ಸುಧಾರಿಸಿತಾ? ಹೌದು ಅಥವಾ ಇಲ್ಲ ಅಂತ ಹೇಳಿ.

ಹೇಳಲು ಬರುವುದಿಲ್ಲ. ತಪ್ಪಿಸಿಕೊಳ್ಳುತ್ತಿದ್ದೇನೆ ಅಂದುಕೊಳ್ಳಬೇಡಿ, ಕಾರಣ ಇದೆ.

ಮೊದಲನೆಯದು, ಅಳತೆಗೋಲೇ ಬದಲಾಗಿದೆ. ಹಳೇ ನಿಯಮದಲ್ಲಿ ನೂರು ಲಾಭ ತೋರಿಸಿದ ಬ್ಯಾಂಕ್ ಹೊಸ ನಿಯಮದಲ್ಲಿ ಎಂಬತ್ತು ತೋರಿಸಿದರೆ ಬ್ಯಾಂಕ್ ಕೆಟ್ಟಿತು ಅಂತ ಅರ್ಥವಲ್ಲ. ಆಸ್ತಿಯ ಮೇಲಿನ ಲಾಭದ ಅನುಪಾತವನ್ನು ಹಿಂದೆ ಮುಂದೆ ಇಟ್ಟು ಹೋಲಿಸುವವರು ಇದನ್ನು ಮರೆಯುತ್ತಾರೆ. ಸೇರಿನಲ್ಲಿ ಅಳೆದದ್ದನ್ನೂ ಕೆಜಿಯಲ್ಲಿ ತೂಗಿದ್ದನ್ನೂ ಒಂದೇ ಗ್ರಾಫಿನಲ್ಲಿ ಹಾಕಿದ ಹಾಗೆ.

ಎರಡನೆಯದು, ಮಾನದಂಡ ಒಂಟಿಯಾಗಿ ಬಂದದ್ದೇ ಇಲ್ಲ. ಕೆನ್ಯಾ ನೋಡಿ. 2016ರ ಸೆಪ್ಟೆಂಬರ್‌ನಲ್ಲಿ ಸಾಲದ ಬಡ್ಡಿಗೆ ಕಾನೂನಿನ ಮಿತಿ ಬಂತು, ಕೇಂದ್ರ ಬ್ಯಾಂಕ್ ದರದ ಮೇಲೆ ಶೇ. 4ಕ್ಕಿಂತ ಜಾಸ್ತಿ ಹಾಕುವ ಹಾಗಿಲ್ಲ. 2018ರಲ್ಲಿ ಐಎಫ್‌ಆರ್‌ಎಸ್ 9 ಬಂತು. 2019ರ ನವೆಂಬರ್‌ನಲ್ಲಿ ಬಡ್ಡಿ ಮಿತಿ ಹೋಯಿತು. ಮಾರನೇ ವರ್ಷ ಕೋವಿಡ್. ಈ ನಾಲ್ಕು ವರ್ಷಗಳಲ್ಲಿ ಸಣ್ಣ ವ್ಯಾಪಾರಿಗೆ ಸಾಲ ಸಿಗುವುದು ಕಷ್ಟವಾಗಿದ್ದರೆ ಅದರಲ್ಲಿ ಮಾನದಂಡದ ಪಾಲು ಎಷ್ಟು, ಬಡ್ಡಿ ಮಿತಿಯ ಪಾಲು ಎಷ್ಟು? ಬೇರೆ ಮಾಡಿ ತೋರಿಸುವುದು ಸುಲಭವಲ್ಲ. ಹಾಗಾಗಿಯೇ ಈ ವಿಷಯದ ಸಂಶೋಧನೆಗಳ ಫಲಿತಾಂಶ ಒಂದೊಂದು ಒಂದೊಂದು ಕಡೆ ಎಳೆಯುತ್ತವೆ.

ನನ್ನ ಅಭಿಪ್ರಾಯ ಕೇಳಿದರೆ, ನಿಯಮ ಯಾವುದು ಅನ್ನುವುದಕ್ಕಿಂತ ಅದನ್ನು ಮುರಿದವನಿಗೆ ಏನಾಗುತ್ತದೆ ಅನ್ನುವುದು ಹೆಚ್ಚು ಮುಖ್ಯ. ನೈಜೀರಿಯಾದ ಕಥೆ ಅದಕ್ಕೆ ಒಳ್ಳೆಯ ಉದಾಹರಣೆ.

ನೈಜೀರಿಯಾದಲ್ಲಿ 2009ರಲ್ಲಿ ಏನಾಯಿತು?

ಸ್ವಲ್ಪ ಹಿಂದಕ್ಕೆ ಹೋಗಬೇಕು. ಕೇಂದ್ರ ಬ್ಯಾಂಕಿನ ಗವರ್ನರ್ ಚಾರ್ಲ್ಸ್ ಸೊಲುಡೊ 2004ರಲ್ಲಿ ಕನಿಷ್ಠ ಬಂಡವಾಳವನ್ನು 200 ಕೋಟಿ ನೈರಾದಿಂದ ಒಂದೇ ಏಟಿಗೆ 2,500 ಕೋಟಿಗೆ ಏರಿಸಿದರು. 2005ರ ಕೊನೆಗೆ 89 ಬ್ಯಾಂಕುಗಳು 25ಕ್ಕೆ ಇಳಿದವು. ಉಳಿದವರ ಕೈಯಲ್ಲಿ ದುಡ್ಡೋ ದುಡ್ಡು. ಅದನ್ನು ಷೇರು ಕೊಳ್ಳುವವರಿಗೆ ಸಾಲ ಕೊಟ್ಟರು. ಎಷ್ಟೋ ಸಲ ಆ ಸಾಲದಲ್ಲಿ ಕೊಂಡದ್ದು ಬ್ಯಾಂಕುಗಳ ಷೇರನ್ನೇ. 2008ರಲ್ಲಿ ಷೇರುಪೇಟೆ ಬಿತ್ತು, ತೈಲದ ಬೆಲೆಯೂ ಬಿತ್ತು.

ಪುಸ್ತಕದಲ್ಲಿ ಮಾತ್ರ ಎಲ್ಲ ಚೆನ್ನಾಗಿತ್ತು. ಯಾಕೆ ಗೊತ್ತಾ? ಬ್ಯಾಂಕುಗಳ ಲೆಕ್ಕದ ವರ್ಷ ಒಂದೇ ದಿನ ಮುಗಿಯುತ್ತಿರಲಿಲ್ಲ. ಒಬ್ಬರದ್ದು ಫೆಬ್ರವರಿಗೆ, ಇನ್ನೊಬ್ಬರದ್ದು ಸೆಪ್ಟೆಂಬರ್‌ಗೆ. ವರ್ಷ ಮುಗಿಯುವ ಬ್ಯಾಂಕಿಗೆ ಪಕ್ಕದ ಬ್ಯಾಂಕ್ ನಾಲ್ಕು ದಿನಕ್ಕೆ ಠೇವಣಿ ಕೊಡುತ್ತಿತ್ತು. ಹೆಣ್ಣು ನೋಡಲು ಬರುವ ದಿನ ಪಕ್ಕದ ಮನೆಯ ಒಡವೆ ತಂದು ತೊಡಿಸುವುದಿಲ್ಲವೇ, ಹಾಗೆ. ಗಂಡಿನ ಕಡೆಯವರು ಹೋದ ಮೇಲೆ ಒಡವೆ ವಾಪಸ್.

2009ರ ಜೂನ್‌ನಲ್ಲಿ ಸನುಸಿ ಲಾಮಿಡೊ ಸನುಸಿ ಗವರ್ನರ್ ಆದರು. ಆಗಸ್ಟ್ 14ರಂದು ಐದು ಬ್ಯಾಂಕುಗಳ ಮುಖ್ಯಸ್ಥರನ್ನು ಒಟ್ಟಿಗೆ ಮನೆಗೆ ಕಳಿಸಿ, 42,000 ಕೋಟಿ ನೈರಾ ತುಂಬಿಸಿದರು. ಎಲ್ಲ ಬ್ಯಾಂಕಿಗೂ ಡಿಸೆಂಬರ್ 31ರಂದೇ ವರ್ಷ ಮುಗಿಯಬೇಕು ಅಂತ ಮಾಡಿದರು. ಒಡವೆ ಎಲ್ಲರಿಗೂ ಒಂದೇ ದಿನ ಬೇಕಾದರೆ ಯಾರು ಯಾರಿಗೆ ಕೊಡುತ್ತಾರೆ? ನನ್ನ ಪ್ರಕಾರ ಆ ಒಂದು ಆದೇಶ ನೂರು ಪುಟದ ಮಾನದಂಡಕ್ಕಿಂತ ಜಾಸ್ತಿ ಕೆಲಸ ಮಾಡಿತು. ಕೆಟ್ಟ ಸಾಲಗಳನ್ನು ಕೊಳ್ಳಲು ಆಮ್ಕಾನ್ ಅನ್ನುವ ಸಂಸ್ಥೆ 2010ರಲ್ಲಿ ಹುಟ್ಟಿತು. ಓಷಿಯಾನಿಕ್ ಬ್ಯಾಂಕಿನ ಮುಖ್ಯಸ್ಥೆಯಾಗಿದ್ದ ಸಿಸಿಲಿಯಾ ಇಬ್ರು ಅದೇ ವರ್ಷ ಜೈಲಿಗೆ ಹೋದರು, ಅಪಾರ ಆಸ್ತಿ ಬಿಟ್ಟುಕೊಟ್ಟರು.

ಇಷ್ಟೆಲ್ಲ ಆದ ಮೇಲೆ 2012ರಲ್ಲಿ ಐಎಫ್‌ಆರ್‌ಎಸ್. 'ಐಎಫ್‌ಆರ್‌ಎಸ್ ಬಂದ ಮೇಲೆ ನೈಜೀರಿಯಾದ ಬ್ಯಾಂಕುಗಳು ಸುಧಾರಿಸಿದವು' ಅಂತ ಬರೆಯುವ ಮುಂಚೆ ಈ ಮೂರು ವರ್ಷ ನೆನಪಿರಲಿ.

ಘಾನಾದಲ್ಲಿ ಸರ್ಕಾರಿ ಬಾಂಡ್ ಇಟ್ಟುಕೊಂಡೇ ಬ್ಯಾಂಕುಗಳು ನಷ್ಟಕ್ಕೆ ಹೋದವಂತೆ. ಹೇಗೆ?

ನನಗೆ ಇದು ಇಡೀ ವಿಷಯದ ತಿರುಳು. ಸ್ವಲ್ಪ ನಿಧಾನವಾಗಿ ನೋಡೋಣ.

ಘಾನಾ 2017ರಿಂದ 2019ರವರೆಗೆ ಬ್ಯಾಂಕುಗಳನ್ನು ತೊಳೆದು ಶುದ್ಧ ಮಾಡಿತ್ತು. ಯುಟಿ ಬ್ಯಾಂಕ್, ಕ್ಯಾಪಿಟಲ್ ಬ್ಯಾಂಕ್ ಮುಚ್ಚಿದವು. ಐದು ಬ್ಯಾಂಕುಗಳನ್ನು ಸೇರಿಸಿ 2018ರಲ್ಲಿ ಕನ್ಸಾಲಿಡೇಟೆಡ್ ಬ್ಯಾಂಕ್ ಘಾನಾ ಮಾಡಿದರು. ಕನಿಷ್ಠ ಬಂಡವಾಳ 12 ಕೋಟಿ ಸೀಡಿಯಿಂದ 40 ಕೋಟಿಗೆ ಏರಿತು. ಕೊನೆಗೆ ಉಳಿದದ್ದು 23 ಬ್ಯಾಂಕ್. ಉಳಿದವರು ಬುದ್ಧಿ ಕಲಿತಿದ್ದರು: ವ್ಯಾಪಾರಿಗಳಿಗೆ ಸಾಲ ಕೊಟ್ಟು ತಲೆನೋವು ಯಾಕೆ, ಸರ್ಕಾರಕ್ಕೇ ಕೊಡೋಣ. ಬಡ್ಡಿಯೂ ಚೆನ್ನಾಗಿತ್ತು. ಲೆಕ್ಕದಲ್ಲಿ ಸರ್ಕಾರಿ ಬಾಂಡ್ ಅಂದರೆ ಭದ್ರ, ಪ್ರಾವಿಷನ್ ಅಂತ ಹೇಳಿಕೊಳ್ಳುವಂಥದ್ದೇನೂ ಬೇಡ.

2022ರ ಡಿಸೆಂಬರ್ 5. ಸರ್ಕಾರ ಹಳೇ ಬಾಂಡ್ ಕೊಟ್ಟು ಹೊಸ ಬಾಂಡ್ ತೆಗೆದುಕೊಳ್ಳಿ ಅಂದಿತು. ಅಸಲಿಗೆ ಕತ್ತರಿ ಇಲ್ಲ, ಆದರೆ ಬಡ್ಡಿ ಕಡಿಮೆ, ಅವಧಿ ಉದ್ದ. ಆ ತಿಂಗಳ ಹಣದುಬ್ಬರ ಶೇ. 54.1.

ಅಸಲು ಪೂರ್ತಿ ಬರುತ್ತದಲ್ಲ, ನಷ್ಟ ಎಲ್ಲಿ ಅಂತ ಕೇಳಬಹುದು. ಒಂದು ಕಾಗದ ಪೆನ್ನು ತೆಗೆದುಕೊಳ್ಳಿ. ಸುಮ್ನೆ ತಿಳಿಯಲಿಕ್ಕೆ, 100 ಸೀಡಿಯ ಬಾಂಡ್, ವರ್ಷಕ್ಕೆ 9 ಬಡ್ಡಿ, ಹತ್ತು ವರ್ಷದ ನಂತರ ಅಸಲು. ಪೇಟೆಯ ದರವೂ, ಅಂದರೆ ಇಂಥದ್ದೇ ಬೇರೆ ಹೂಡಿಕೆಗೆ ಸಿಗುವ ಬಡ್ಡಿಯೂ, ಶೇ. 9 ಇದ್ದರೆ ಇವತ್ತಿನ ಬೆಲೆ 100. ಪೇಟೆಯ ದರ ಶೇ. 18 ಅಂದರೆ ಬೆಲೆ ಸುಮಾರು 60. ಶೇ. 30 ಅಂದರೆ 35. ಕಾಗದದ ಮೇಲೆ ಅದೇ ನೂರು ಸೀಡಿಯ ಬಾಂಡ್, ಯಾವ ದರದಲ್ಲಿ ನೋಡುತ್ತೀರಿ ಅನ್ನುವುದರ ಮೇಲೆ ಅರವತ್ತೂ ಹೌದು, ಮೂವತ್ತೈದೂ ಹೌದು. ಅದಕ್ಕೇ ಅಕ್ರಾದ ಆಡಿಟರ್‌ಗಳ ನಡುವೆ ಯಾವ ದರ ಹಾಕಬೇಕು ಅನ್ನುವುದೇ ದೊಡ್ಡ ಚರ್ಚೆಯಾಯಿತು. ದರ ಶೇಕಡಾ ಎರಡು ಆಚೆ ಈಚೆ ಆದರೆ ಒಂದು ಬ್ಯಾಂಕಿನ ಬಂಡವಾಳವೇ ಉಳಿಯುತ್ತದೆ ಅಥವಾ ಹೋಗುತ್ತದೆ.

ಬಾಂಡ್ ಬದಲಾವಣೆ ಮುಗಿದದ್ದು 2023ರ ಫೆಬ್ರವರಿಯಲ್ಲಿ. ಆದರೆ ನಷ್ಟ ಬಿದ್ದದ್ದು 2022ರ ಪುಸ್ತಕಕ್ಕೆ. ಡಿಸೆಂಬರ್‌ನಲ್ಲೇ ವಿಷಯ ಗೊತ್ತಾಗಿತ್ತಲ್ಲ, ಹಾಗಾಗಿ ಮುಂದಿನ ವರ್ಷಕ್ಕೆ ತಳ್ಳುವ ಹಾಗಿರಲಿಲ್ಲ. ವರ್ಷಗಟ್ಟಲೆ ಲಾಭ ತೋರಿಸಿದ್ದ ಬ್ಯಾಂಕುಗಳು ಒಂದೇ ವರ್ಷದಲ್ಲಿ ಕೆಂಪಾದವು. ಕೇಂದ್ರ ಬ್ಯಾಂಕೇ 6,080 ಕೋಟಿ ಸೀಡಿ ನಷ್ಟ ತೋರಿಸಿತು.

ಇಲ್ಲಿಗೆ ಮಾನದಂಡ ತನ್ನ ಕೆಲಸ ಮಾಡಿತು. ಮುಂದಿನದ್ದು ಕೇಂದ್ರ ಬ್ಯಾಂಕಿನ ಕೆಲಸ. ಅದು ಕನಿಷ್ಠ ಬಂಡವಾಳದ ಅನುಪಾತವನ್ನು, ಅಂದರೆ ಕೊಟ್ಟ ಸಾಲ, ಹೂಡಿಕೆಗಳ ಅಪಾಯಕ್ಕೆ ಹೋಲಿಸಿ ಬ್ಯಾಂಕಿನ ಸ್ವಂತ ದುಡ್ಡು ಎಷ್ಟಿರಬೇಕು ಅನ್ನುವುದನ್ನು, ಶೇ. 13ರಿಂದ 10ಕ್ಕೆ ಇಳಿಸಿತು. ಬಂಡವಾಳ ಲೆಕ್ಕ ಹಾಕುವಾಗ ಈ ನಷ್ಟವನ್ನು ಕೆಲವು ವರ್ಷಗಳಿಗೆ ಹಂಚಿಕೊಳ್ಳಿ ಅಂದಿತು. ಅಂದರೆ ಷೇರುದಾರರಿಗೆ ತೋರಿಸುವ ಪುಸ್ತಕದಲ್ಲಿ ಪೂರ್ತಿ ನಷ್ಟ, ಕೇಂದ್ರ ಬ್ಯಾಂಕಿಗೆ ತೋರಿಸುವ ಪುಸ್ತಕದಲ್ಲಿ ಕಂತಿನ ನಷ್ಟ. ಇದು ಮೋಸವಾ? ನನಗೆ ಹಾಗನ್ನಿಸುವುದಿಲ್ಲ. ನಷ್ಟ ಎಲ್ಲರ ಕಣ್ಣಿಗೂ ಬಿದ್ದಿದೆ, ಕಟ್ಟಲು ಸಮಯ ಕೊಟ್ಟಿದ್ದಾರೆ, ಅಷ್ಟೇ.

ಬಾಂಡ್ ಕೊಂಡಿದ್ದ ವಯಸ್ಸಾದವರು ಹಣಕಾಸು ಸಚಿವಾಲಯದ ಮುಂದೆ ಧರಣಿ ಕೂತರು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಸೋಫಿಯಾ ಅಕುಫೊ ಕೂಡ ಅವರ ಜೊತೆ ಬಂದು ಕೂತಿದ್ದರು. ಅವರಿಗೆ ಕಂತಿನ ಸೌಲಭ್ಯ ಯಾರೂ ಕೊಟ್ಟಿರಲಿಲ್ಲ.

ಕರೆನ್ಸಿ ಬಿದ್ದರೆ ಬ್ಯಾಂಕಿನ ಲಾಭ ಏರುತ್ತದಂತೆ, ನಿಜವಾ?

ನೈಜೀರಿಯಾದಲ್ಲಿ ಆಯಿತು. 2023ರ ಜೂನ್‌ನಲ್ಲಿ ನೈರಾವನ್ನು ಪೇಟೆಗೆ ಬಿಟ್ಟರು, ಬೆಲೆ ಕುಸಿಯಿತು. ಬ್ಯಾಂಕುಗಳ ಹತ್ತಿರ ಡಾಲರ್ ಆಸ್ತಿ ಡಾಲರ್ ಸಾಲಕ್ಕಿಂತ ಜಾಸ್ತಿ ಇತ್ತು. ವರ್ಷದ ಕೊನೆಯ ದರಕ್ಕೆ ಅದನ್ನು ನೈರಾದಲ್ಲಿ ಬರೆಯಬೇಕು ಅನ್ನುವುದು ಮಾನದಂಡ. ಬರೆದರು, ಲಾಭ ಉಬ್ಬಿತು. ಒಂದು ಡಾಲರ್ ಕೂಡ ಹೊಸದಾಗಿ ಬಂದಿಲ್ಲ, ಗಿರಾಕಿಗೆ ಹೊಸ ಸಾಲ ಕೊಟ್ಟಿಲ್ಲ. ಸೆಪ್ಟೆಂಬರ್‌ನಲ್ಲಿ ಕೇಂದ್ರ ಬ್ಯಾಂಕ್ ಪತ್ರ ಬರೆದು, ಈ ಲಾಭದಿಂದ ಡಿವಿಡೆಂಡ್ ಕೊಡಬೇಡಿ, ಖರ್ಚಿಗೂ ಬಳಸಬೇಡಿ ಅಂದಿತು. ಮಾರನೇ ವರ್ಷ ಸಂಸತ್ತು ಇಂಥ ಲಾಭದ ಮೇಲೆ ಶೇ. 70 ತೆರಿಗೆ ಹಾಕಿತು. 2023ರ ಲಾಭ ನೋಡಿ ನೈಜೀರಿಯಾದ ಬ್ಯಾಂಕುಗಳ ದಕ್ಷತೆ ಹೆಚ್ಚಿತು ಅಂತ ಬರೆದವರಿದ್ದರೆ ದಯವಿಟ್ಟು ತಿದ್ದಿಕೊಳ್ಳಿ.

ಹಣದುಬ್ಬರ ವಿಪರೀತ ಇರುವ ದೇಶದಲ್ಲಿ?

ಮೂರು ವರ್ಷದ ಒಟ್ಟು ಹಣದುಬ್ಬರ ಶೇ. 100ರ ಹತ್ತಿರ ಬಂದರೆ ಐಎಎಸ್ 29 ಅನ್ವಯಿಸುತ್ತದೆ, ಹಳೇ ಅಂಕಿಗಳನ್ನೆಲ್ಲ ಇವತ್ತಿನ ಬೆಲೆಗೆ ಏರಿಸಿ ಬರೆಯಬೇಕು. ಜಿಂಬಾಬ್ವೆಯಲ್ಲಿ 2019ರಿಂದ ಹೀಗೆ ಮಾಡಬೇಕಾಯಿತು. ಅಲ್ಲಿನ ಆ ವರ್ಷಗಳ ಲೆಕ್ಕವನ್ನು ನಾನು ಹೋಲಿಕೆಗೆ ಬಳಸುವುದಿಲ್ಲ.

ಆಡಿಟರ್ ಸಹಿ ಹಾಕಿದ ಮೇಲೂ ಬ್ಯಾಂಕ್ ಹೇಗೆ ಮುಳುಗುತ್ತದೆ?

ಸಹಿ ಹಾಕಿದವರೇ ಶಾಮೀಲಾಗಿದ್ದರೆ ಮುಳುಗುತ್ತದೆ. ದಕ್ಷಿಣ ಆಫ್ರಿಕಾದ ಲಿಂಪೊಪೊ ಪ್ರಾಂತ್ಯದಲ್ಲಿ ವಿಬಿಎಸ್ ಅಂತ ಸಣ್ಣ ಬ್ಯಾಂಕ್ ಇತ್ತು. ಹಳ್ಳಿಯ ಮುದುಕಿಯರು, ಸಾವಿನ ಖರ್ಚಿಗೆ ಅಂತ ಚೀಟಿ ಕಟ್ಟುವ ಗುಂಪುಗಳು ದುಡ್ಡಿಟ್ಟಿದ್ದವು. ಪುರಸಭೆಗಳೂ ಕಾನೂನು ಮೀರಿ ಠೇವಣಿ ಇಟ್ಟವು. ಲೆಕ್ಕದಲ್ಲಿದ್ದ ದುಡ್ಡು ನಿಜವಾಗಿ ಇರಲೇ ಇಲ್ಲ. 2018ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ವಶಕ್ಕೆ ತೆಗೆದುಕೊಂಡಿತು. ಅಕ್ಟೋಬರ್‌ನಲ್ಲಿ ಬಂದ ತನಿಖಾ ವರದಿ ಸುಮಾರು 200 ಕೋಟಿ ರ‍್ಯಾಂಡ್ ಲೂಟಿಯಾಗಿದೆ ಅಂದಿತು. ಅದರ ಆಡಿಟ್ ಮಾಡಿದ್ದು ಕೆಪಿಎಂಜಿ ಅನ್ನುವ ದೊಡ್ಡ ಆಡಿಟ್ ಸಂಸ್ಥೆ. ಸಹಿ ಹಾಕಿದ ಪಾಲುದಾರನ ಹೆಸರೂ ವರದಿಯಲ್ಲಿ ಬಂತು. ಬ್ಯಾಂಕಿನ ಅಧ್ಯಕ್ಷನಾಗಿದ್ದವನಿಗೆ 2024ರ ಜುಲೈನಲ್ಲಿ 15 ವರ್ಷ ಶಿಕ್ಷೆಯಾಯಿತು. ಈ ಬ್ಯಾಂಕೂ ಐಎಫ್‌ಆರ್‌ಎಸ್ ಪ್ರಕಾರವೇ ಲೆಕ್ಕ ಬರೆಯುತ್ತಿತ್ತು.

ಕೆನ್ಯಾದಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಪ್ರತಿ ಮೂರು ತಿಂಗಳಿಗೆ ಎಲ್ಲ ಬ್ಯಾಂಕುಗಳೂ ಒಂದೇ ನಮೂನೆಯಲ್ಲಿ ಪತ್ರಿಕೆಯಲ್ಲಿ ಲೆಕ್ಕ ಹಾಕಿಸಬೇಕು. ಕೆಳಗಿನ 'ಇತರ ವಿವರ' ಭಾಗದಲ್ಲಿ ಮೊದಲು ಕೆಟ್ಟ ಸಾಲ, ಅದರಿಂದ ಬಾರದ ಬಡ್ಡಿ ಕಳೆದು, ಪ್ರಾವಿಷನ್ ಕಳೆದು, ಅಡಮಾನದ ಬೆಲೆ ಕಳೆದು ಕೊನೆಗೆ ಬರಿಗೈಲಿ ಉಳಿಯುವುದು ಎಷ್ಟು ಅಂತ ಇರುತ್ತದೆ. ಅದರ ಕೆಳಗೇ ಒಳಗಿನವರ ಸಾಲ: ನಿರ್ದೇಶಕರು, ಷೇರುದಾರರು, ಅವರ ನಂಟರಿಷ್ಟರು ತೆಗೆದುಕೊಂಡದ್ದು. 2016ರ ಏಪ್ರಿಲ್‌ನಲ್ಲಿ ಚೇಸ್ ಬ್ಯಾಂಕ್ ತನ್ನ ಲೆಕ್ಕವನ್ನು ತಿದ್ದಿ ಎರಡನೇ ಸಲ ಹೊರಗೆ ತಂದಾಗ ಬದಲಾಗಿದ್ದು ಮುಖ್ಯವಾಗಿ ಈ ಒಂದು ಸಾಲು. ಜನ ಅಲ್ಲೇ ಬೆರಳಿಟ್ಟರು. ಮೊಬೈಲ್‌ನಲ್ಲಿ ಸುದ್ದಿ ಹರಡಿತು, ಠೇವಣಿ ಓಡಿತು, ಏಪ್ರಿಲ್ 7ರ ಬೆಳಿಗ್ಗೆ ಬಾಗಿಲು ತೆರೆಯಲಿಲ್ಲ.

ಹಣಕಾಸು ವ್ಯವಸ್ಥೆಯ ಬೆಳವಣಿಗೆಯನ್ನು ಹೇಗೆ ಅಳೆಯುತ್ತಾರೆ?

ಸಾಮಾನ್ಯವಾಗಿ ಜಿಡಿಪಿಗೆ ಹೋಲಿಸಿ ಖಾಸಗಿಯವರಿಗೆ ಕೊಟ್ಟ ಸಾಲ ಎಷ್ಟು ಅಂತ. ಭಾರತದಲ್ಲಿ ಅದು ಹತ್ತಿರ ಹತ್ತಿರ ಅರ್ಧ. ನೈಜೀರಿಯಾದಲ್ಲಿ ಐದರಲ್ಲಿ ಒಂದು ಭಾಗವೂ ಇಲ್ಲ. ದಕ್ಷಿಣ ಆಫ್ರಿಕಾ ಭಾರತವನ್ನೂ ಮೀರಿದೆ.

ಇನ್ನೊಂದು ಅಳತೆ, ಖಾತೆ ಇರುವವರು ಎಷ್ಟು ಜನ. ಸಹಾರಾದ ದಕ್ಷಿಣಕ್ಕೆ 2011ರಲ್ಲಿ ವಯಸ್ಕರಲ್ಲಿ ಶೇ. 23 ಜನರಿಗೆ ಖಾತೆ ಇತ್ತು, 2021ಕ್ಕೆ ಶೇ. 55 ಆಯಿತು. ಇದು ಬ್ಯಾಂಕ್ ಶಾಖೆಗಳಿಂದ ಆದದ್ದಲ್ಲ, ಮೊಬೈಲ್ ಹಣದಿಂದ. ಕೆನ್ಯಾದಲ್ಲಿ ಸಫಾರಿಕಾಮ್ ಅನ್ನುವ ಮೊಬೈಲ್ ಕಂಪನಿ 2007ರ ಮಾರ್ಚ್‌ನಲ್ಲಿ ಫೋನಿನಿಂದಲೇ ದುಡ್ಡು ಕಳಿಸುವ ಎಂ-ಪೆಸಾ ಶುರು ಮಾಡಿತು. ಆದರೆ ದುಡ್ಡು ಕಳಿಸುವುದು ಬೇರೆ, ಸಾಲ ಸಿಗುವುದು ಬೇರೆ. ಖಾತೆಗಳ ಸಂಖ್ಯೆ ಎರಡು ಪಟ್ಟಾದರೂ ಸಾಲದ ಅನುಪಾತ ಅದೇ ವೇಗದಲ್ಲಿ ಏರಲಿಲ್ಲ.

ಲೆಕ್ಕವೇ ಬರೆಯದ ಸಣ್ಣ ವ್ಯಾಪಾರಿಗೆ ಈ ಮಾನದಂಡದಿಂದ ಏನು ಉಪಯೋಗ?

ನೇರವಾಗಿ ಏನೂ ಇಲ್ಲ. ಸಣ್ಣ ಕಂಪನಿಗಳಿಗೆ ಅಂತ 2009ರಲ್ಲಿ ಒಂದು ಚಿಕ್ಕ ಐಎಫ್‌ಆರ್‌ಎಸ್ ಬಂತು, ಅದನ್ನೂ ಬಟ್ಟೆ ಮಾರುವವಳು ಓದುವುದಿಲ್ಲ. ಅವಳ ಲೆಕ್ಕಪುಸ್ತಕ ಅವಳ ಫೋನು. ಕೆನ್ಯಾದಲ್ಲಿ 2012ರಲ್ಲಿ ಬಂದ ಎಂ-ಶ್ವಾರಿ ಆ ಫೋನಿನ ವ್ಯವಹಾರ ನೋಡಿಯೇ ಸಣ್ಣ ಸಾಲ ಕೊಡತೊಡಗಿತು. ಬ್ಯಾಲೆನ್ಸ್ ಶೀಟ್ ಕೇಳಲಿಲ್ಲ.

ಭಾರತಕ್ಕೂ ಇದಕ್ಕೂ ಏನು ಸಂಬಂಧ?

ಇಲ್ಲಿ ನಮ್ಮವರಿಗೆ ಸ್ವಲ್ಪ ಆಶ್ಚರ್ಯ ಆಗುತ್ತದೆ. ಘಾನಾ, ಕೆನ್ಯಾದ ಬ್ಯಾಂಕುಗಳು 2018ರಿಂದ ಬರಬಹುದಾದ ನಷ್ಟವನ್ನು ಮೊದಲೇ ತೆಗೆದಿಡುತ್ತಿವೆ. ನಮ್ಮ ಬ್ಯಾಂಕುಗಳು ಅಷ್ಟೂ ವರ್ಷ 90 ದಿನ ಕಂತು ಬಾರದಿದ್ದ ಮೇಲೇ ಸಾಲ ಕೆಟ್ಟಿತು ಅನ್ನುವ ಎನ್‌ಪಿಎ ನಿಯಮದಲ್ಲೇ ಉಳಿದವು. ಐಎಫ್‌ಆರ್‌ಎಸ್‌ನ ಭಾರತೀಯ ರೂಪವಾದ ಇಂಡ್ ಎಎಸ್ ಕಂಪನಿಗಳಿಗೆ 2016ರಲ್ಲಿ, ಬ್ಯಾಂಕಲ್ಲದ ಹಣಕಾಸು ಕಂಪನಿಗಳಾದ ಎನ್‌ಬಿಎಫ್‌ಸಿಗಳಿಗೆ 2018ರಲ್ಲಿ ಬಂತು. ಬ್ಯಾಂಕುಗಳಿಗೆ ಮಾತ್ರ 2019ರ ಮಾರ್ಚ್‌ನಲ್ಲಿ ಆರ್‌ಬಿಐ ಮುಂದೂಡಿತು. 2025ರ ಅಕ್ಟೋಬರ್‌ನ ಕರಡಿನಲ್ಲಿ ಬರಬಹುದಾದ ನಷ್ಟದ ನಿಯಮವನ್ನು 2027ರ ಏಪ್ರಿಲ್ 1ರಿಂದ ತರುವ ಪ್ರಸ್ತಾಪ ಇತ್ತು. ಪಾಠ ಕಲಿಯಬೇಕಾದವರು ಯಾರು ಅಂತ ನೀವೇ ನೋಡಿ.

ಕರ್ನಾಟಕದ ನಂಟೂ ಇದೆ. ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕಿಗೆ ದಾರ್ ಎಸ್ ಸಲಾಂನಲ್ಲಿ ಅಂಗಸಂಸ್ಥೆ ಇತ್ತು, ಆಮೇಲೆ ಅದನ್ನು ಅಲ್ಲಿನ ಎಕ್ಸಿಮ್ ಬ್ಯಾಂಕ್ ಕೊಂಡಿತು. ಬೆಂಗಳೂರಿನ ಇನ್ಫೋಸಿಸ್ ಮಾಡಿದ ಫಿನಾಕಲ್ ತಂತ್ರಾಂಶ ನೈಜೀರಿಯಾದ ಫಸ್ಟ್ ಬ್ಯಾಂಕ್, ಯುಬಿಎ, ಕೆನ್ಯಾದ ಇಕ್ವಿಟಿ ಬ್ಯಾಂಕ್ ಬಳಸಿವೆ. ಲೇಗೋಸಿನ ಕೌಂಟರಿನಲ್ಲಿ ಕಂತು ತಡವಾದರೆ ದಿನ ಎಣಿಸುವ ಕೋಡ್ ಇಲ್ಲೇ ಹೊಸೂರು ರಸ್ತೆಯ ಕಡೆ ಬರೆದದ್ದಿರಬಹುದು.

ಎಂ.ಕಾಂ ಪ್ರಾಜೆಕ್ಟಿಗೆ ಇದನ್ನು ತೆಗೆದುಕೊಳ್ಳಬಹುದಾ?

ತೆಗೆದುಕೊಳ್ಳಿ. ಆದರೆ ಮೂವತ್ತು ದೇಶ, ಇಪ್ಪತ್ತು ವರ್ಷ ಅಂತ ಹೊರಡಬೇಡಿ. ಒಂದು ದೇಶ, ಐದಾರು ಬ್ಯಾಂಕ್, 2017 ಮತ್ತು 2018ರ ವಾರ್ಷಿಕ ವರದಿ ಸಾಕು. ಐಎಫ್‌ಆರ್‌ಎಸ್ 9 ಬಂದ ದಿನ ಹಳೇ ಪ್ರಾವಿಷನ್ ಎಷ್ಟಿತ್ತು, ಹೊಸದು ಎಷ್ಟಾಯಿತು ಅಂತ ಪ್ರತಿ ಬ್ಯಾಂಕೂ ಒಂದು ಕೋಷ್ಟಕ ಕೊಟ್ಟಿರುತ್ತದೆ. ವ್ಯತ್ಯಾಸವನ್ನು ಆ ವರ್ಷದ ಲಾಭಕ್ಕೆ ಹಾಕದೆ ಉಳಿಸಿದ ಲಾಭದಿಂದ ಕಳೆದಿರುತ್ತಾರೆ, ಅಲ್ಲಿ ಹುಡುಕಿ.

ಒಂದು ಬ್ಯಾಂಕಿನ ವರದಿ ಕೈಗೆ ಸಿಕ್ಕರೆ ಎಲ್ಲಿಂದ ಓದಲಿ?

ಅಧ್ಯಕ್ಷರ ಭಾಷಣ, ಮರ ನೆಡುವ ಫೋಟೊ ಎಲ್ಲ ಬಿಟ್ಟು ಹಿಂದಕ್ಕೆ ಹೋಗಿ. ಸಾಲಗಳ ಟಿಪ್ಪಣಿಯಲ್ಲಿ ಮೂರು ಹಂತದ ಕೋಷ್ಟಕ ಇರುತ್ತದೆ. ಎರಡನೇ ಹಂತದ ಮೊತ್ತ ಹೋದ ವರ್ಷಕ್ಕಿಂತ ಎಷ್ಟು ಬದಲಾಗಿದೆ ನೋಡಿ. ಆಮೇಲೆ ಸರ್ಕಾರಿ ಬಾಂಡಿನ ಸಾಲು: ಅದು ಒಟ್ಟು ಆಸ್ತಿಯ ಎಷ್ಟು ಭಾಗ? ಆಮೇಲೆ ಒಳಗಿನವರ ಸಾಲ. ಕೊನೆಗೆ ಆಡಿಟರ್ ವರದಿಯ ದಿನಾಂಕ. ಡಿಸೆಂಬರ್‌ಗೆ ಮುಗಿದ ವರ್ಷದ ಲೆಕ್ಕಕ್ಕೆ ಸಾಮಾನ್ಯವಾಗಿ ಮಾರ್ಚ್ ಹೊತ್ತಿಗೆ ಸಹಿ ಬಿದ್ದಿರುತ್ತದೆ. ಜುಲೈ ಆದರೂ ಬಿದ್ದಿಲ್ಲ ಅಂದರೆ ಮಿಕ್ಕ ಪುಟಗಳನ್ನು ಪೆನ್ಸಿಲ್ ಹಿಡಿದುಕೊಂಡು ಓದಿ.